ತೋಟದ ಉಪಕರಣಗಳಿಗೆ ಒಂದೇ ಹೆಸರು: ವಾಲ್ವ್, ಪಂಪು, ತೇವ ಸಂವೇದಕಗಳ ನಾಮಕರಣ ಕ್ರಮ

ದಾಳಿಂಬೆಗೆ ಬಹಾರ ಹಿಡಿಯುವ ಮುನ್ನ ತೋಟಕ್ಕೆ ನೀರು ನಿಲ್ಲಿಸಿ ಗಿಡಗಳನ್ನು ವಿಶ್ರಾಂತಿಗೆ ಬಿಡುವ ಕ್ರಮವನ್ನು ಬಾಗಲಕೋಟೆ ಜಿಲ್ಲೆಯ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಣ್ಣಿನ ಆಳಕ್ಕೆ ತಕ್ಕಂತೆ ಒಂದರಿಂದ ಎರಡು ತಿಂಗಳು ನೀರು ಕೊಡದೆ, ಎಲೆ ಉದುರಿದ ಮೇಲೆ ಚಾಟನಿ ಮಾಡಿ ಮತ್ತೆ ನೀರು ಬಿಟ್ಟರೆ ಹೂವು ಒಟ್ಟಿಗೆ ಬರುತ್ತದೆ. ಈ ಅವಧಿಯ ನಡುವೆ ಒಂದು ರಾತ್ರಿ ಆ ತುಂಡಿನ ವಾಲ್ವ್ ತಪ್ಪಿ ತೆರೆದುಕೊಂಡರೆ ಏನಾಗುತ್ತದೆಂದು ಬೆಳೆಗಾರರೇ ಬಲ್ಲರು: ಕೆಲವು ಗಿಡಗಳು ಚಿಗುರುತ್ತವೆ, ಕೆಲವು ಚಿಗುರುವುದಿಲ್ಲ, ಹೂವು ಹಂತಹಂತವಾಗಿ ಬರುತ್ತದೆ, ಕೊಯಿಲು ಚೆದುರುತ್ತದೆ. ಕಾಯಿ ಬೆಳೆಯುವ ಹಂತದಲ್ಲಾದರೆ ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದು ಹಣ್ಣು ಬಿರಿಯುತ್ತದೆ.

ಕೈಯಿಂದ ವಾಲ್ವ್ ತಿರುಗಿಸುವ ಕಾಲದಲ್ಲಿ ಇಂಥ ತಪ್ಪು ವಿರಳವಾಗಿತ್ತು. ತಿರುಗಿಸುವವನು ಆ ತುಂಡಿನಲ್ಲೇ ನಿಂತಿರುತ್ತಿದ್ದನು. ಈಗ ಆದೇಶ ಮೊಬೈಲಿನಿಂದ ಹೊರಡುತ್ತದೆ, ಅಥವಾ ಯಾರೂ ಕೊಡದೆ ತೇವ ಸಂವೇದಕದ ಅಳತೆಯನ್ನು ನೋಡಿ ಗಣಕವೇ ಕೊಡುತ್ತದೆ. ಆ ಆದೇಶಕ್ಕೆ ಹೊಲ ಕಾಣುವುದಿಲ್ಲ, ಹೆಸರು ಮಾತ್ರ ಕಾಣುತ್ತದೆ. ಹೆಸರು ತಪ್ಪಿದರೆ ನೀರು ತಪ್ಪುತ್ತದೆ.

ಬಾದಾಮಿ, ಹುನಗುಂದ, ಇಳಕಲ್ ಭಾಗಗಳಲ್ಲಿ ತಾವೇ ಬಿಡಿಭಾಗ ತಂದು ಇಂಥ ವ್ಯವಸ್ಥೆಯನ್ನು ಜೋಡಿಸಿಕೊಳ್ಳಲು ಬಯಸುವ ಯುವ ಕೃಷಿಕರಿಗಾಗಿ ಹಾಗೂ ರೈತ ಉತ್ಪಾದಕ ಕಂಪನಿಗಳ ತಾಂತ್ರಿಕ ಸಿಬ್ಬಂದಿಗಾಗಿ ಈ ಲೇಖನವನ್ನು ಬರೆಯಲಾಗಿದೆ. ಯಾವ ಸಂವೇದಕ ಕೊಳ್ಳಬೇಕು, ಎಷ್ಟು ಆಳದಲ್ಲಿ ಹೂಳಬೇಕು ಎಂಬ ವಿಷಯಗಳು ಇಲ್ಲಿಲ್ಲ. ಅವುಗಳಿಗೆ ಹೆಸರಿಡುವ ಕ್ರಮವೊಂದನ್ನೇ ಇಲ್ಲಿ ವಿವರಿಸಲಾಗಿದೆ.

ಒಂದು ವಾಲ್ವ್, ನಾಲ್ಕು ಹೆಸರು

ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಅವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ತೋಟದ ವ್ಯವಸ್ಥೆಯನ್ನು ನಡೆಸಲು ಇಂಥ ಒಂದೇ ತಂತ್ರಾಂಶ ಸಾಲುವುದಿಲ್ಲ, ಹಲವು ಒಟ್ಟಿಗೆ ದುಡಿಯಬೇಕು. ವಾಲ್ವಿನ ಪಕ್ಕದ ಪೆಟ್ಟಿಗೆಯಲ್ಲಿರುವ ಸಣ್ಣ ಮಂಡಲಿಯಲ್ಲಿ ಇಎಸ್‌ಪಿಹೋಮ್ ಅಥವಾ ಟಾಸ್ಮೋಟಾ ಇರುತ್ತದೆ. ಅದು ಕಳಿಸುವ ಸಂದೇಶಗಳನ್ನು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯಲ್ಲಿ ಮಾಸ್ಕಿಟೋ ಎಂಬ ಮಧ್ಯವರ್ತಿ ತಂತ್ರಾಂಶ ಹಂಚುತ್ತದೆ. ಪಂಪುಮನೆಯ ಗಣಕದಲ್ಲಿ ಹೋಮ್ ಅಸಿಸ್ಟೆಂಟ್ ಕುಳಿತು ಆದೇಶ ಕೊಡುತ್ತದೆ. ಅಳತೆಗಳನ್ನು ಇನ್‌ಫ್ಲಕ್ಸ್‌ಡಿಬಿ ಸಂಗ್ರಹಿಸುತ್ತದೆ, ಗ್ರಫಾನಾ ರೇಖಾಚಿತ್ರವಾಗಿ ತೋರಿಸುತ್ತದೆ. ಬಿತ್ತನೆ, ಗೊಬ್ಬರ, ಸಿಂಪಡಣೆಗಳ ದಾಖಲೆಗೆ ಫಾರ್ಮ್‌ಒಎಸ್ ಇದೆ. ದೂರದ ಹೊಲಗಳಿಗೆ ಲೋರಾವಾನ್ ರೇಡಿಯೋ ಬಳಸುವವರು ಚಿರ್ಪ್‌ಸ್ಟ್ಯಾಕ್ ಎಂಬ ಇನ್ನೊಂದನ್ನೂ ಸೇರಿಸಿಕೊಳ್ಳುತ್ತಾರೆ.

ಇವೆಲ್ಲ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಉದ್ದೇಶಕ್ಕೆ ಬರೆದ ತಂತ್ರಾಂಶಗಳು. ಒಂದರ ಜೊತೆ ಒಂದು ಚೆನ್ನಾಗಿಯೇ ಕೂಡುತ್ತವೆ, ಆದರೆ ಹೆಸರಿನ ವಿಷಯದಲ್ಲಿ ಒಂದೊಂದಕ್ಕೆ ಒಂದೊಂದು ನಿಯಮವಿದೆ. ಇಎಸ್‌ಪಿಹೋಮ್‌ನಲ್ಲಿ ಉಪಕರಣದ ಹೆಸರು ಜಾಲದ ವಿಳಾಸವೂ ಆಗುವುದರಿಂದ ಅದರಲ್ಲಿ ರೋಮನ್ ಸಣ್ಣ ಅಕ್ಷರ, ಅಂಕಿ ಮತ್ತು ಹೈಫನ್ ಮಾತ್ರ ಬಳಸಬೇಕು. ಉದ್ದ 31 ಅಕ್ಷರ ಮೀರಬಾರದು. ಹೋಮ್ ಅಸಿಸ್ಟೆಂಟ್ ತನ್ನ ಒಳಗುರುತಿನಲ್ಲಿ ಹೈಫನ್ ಇಟ್ಟುಕೊಳ್ಳುವುದಿಲ್ಲ, ಅದನ್ನು ಅಂಡರ್‌ಸ್ಕೋರ್ ಆಗಿ ಬದಲಿಸುತ್ತದೆ. ಟಾಸ್ಮೋಟಾಕ್ಕೆ ನೀವು ಹೆಸರು ಕೊಡದಿದ್ದರೆ ತನ್ನ ಹೆಸರಿನ ಮುಂದೆ ಮಂಡಲಿಯ ಕ್ರಮಸಂಖ್ಯೆಯ ಕೊನೆಯ ಆರು ಅಂಕಿಗಳನ್ನು ಅಂಟಿಸಿಕೊಳ್ಳುತ್ತದೆ. ಫಾರ್ಮ್‌ಒಎಸ್‌ನಲ್ಲಿ ಏನು ಬರೆದರೂ ನಡೆಯುತ್ತದೆ, ಕನ್ನಡದಲ್ಲಿಯೂ ಬರೆಯಬಹುದು. ಹೀಗಾಗಿ ಮೂರನೇ ತುಂಡಿನ ಒಂದೇ ವಾಲ್ವ್ ಒಂದು ಕಡೆ ಹೈಫನ್ ಸಹಿತ, ಇನ್ನೊಂದು ಕಡೆ ಅಂಡರ್‌ಸ್ಕೋರ್ ಸಹಿತ, ಮಗದೊಂದು ಕಡೆ ಅರ್ಥವಾಗದ ಅಂಕಿಗಳಾಗಿ, ದಾಖಲೆಯಲ್ಲಿ ‘ಹಳ್ಳದ ಕಡಿ ವಾಲ್ವ್’ ಆಗಿ ಉಳಿಯುತ್ತದೆ. ಜೋಡಿಸಿದವರಿಗೆ ಇವೆಲ್ಲ ಒಂದೇ ಎಂದು ಗೊತ್ತಿರುತ್ತದೆ. ಅವರು ಊರಲ್ಲಿಲ್ಲದ ದಿನ ಮನೆಯವರಿಗೆ ಗೊತ್ತಾಗುವುದಿಲ್ಲ.

ಹೆಸರಿನ ಅನುಕ್ರಮವೂ ಒಂದೇ ಅಲ್ಲ. ಎಂಕ್ಯೂಟಿಟಿಯಲ್ಲಿ ಪ್ರತಿ ಸಂದೇಶಕ್ಕೆ ಓರೆಗೆರೆಗಳಿಂದ ಬಿಡಿಸಿದ ಒಂದು ವಿಳಾಸವಿರುತ್ತದೆ. ಟಾಸ್ಮೋಟಾ ಮೊದಲು ‘ಇದು ಆದೇಶವೋ ವರದಿಯೋ’ ಎಂಬುದನ್ನು ಬರೆದು ಆಮೇಲೆ ಉಪಕರಣದ ಹೆಸರು ಬರೆಯುತ್ತದೆ; ಇಎಸ್‌ಪಿಹೋಮ್ ಮೊದಲು ಉಪಕರಣದ ಹೆಸರು ಬರೆಯುತ್ತದೆ. ಟಾಸ್ಮೋಟಾದಲ್ಲಿ ಈ ಅನುಕ್ರಮವನ್ನು ಬದಲಿಸಿಕೊಳ್ಳಲು ಅವಕಾಶವಿದೆ, ಎರಡನ್ನೂ ಬಳಸುವವರು ಮೊದಲ ದಿನವೇ ಬದಲಿಸಿಕೊಳ್ಳುವುದು ಲೇಸು. ಕೈಗಾರಿಕೆಗಳಲ್ಲಿ ಈ ಗೊಂದಲ ನಿವಾರಣೆಗೆ ಸ್ಪಾರ್ಕ್‌ಪ್ಲಗ್ ಎಂಬ ಸಾಮಾನ್ಯ ಕ್ರಮವನ್ನು ರೂಪಿಸಲಾಗಿದೆ. ಹತ್ತಿಪ್ಪತ್ತು ವಾಲ್ವುಗಳ ತೋಟಕ್ಕೆ ಅದು ಭಾರವೆಂಬುದು ನನ್ನ ಅಭಿಪ್ರಾಯ.

ತಪ್ಪಿದ ಹೆಸರು ಸದ್ದು ಮಾಡುವುದಿಲ್ಲ

ಮೋಟಾರು ಸುಟ್ಟರೆ ವಾಸನೆ ಬರುತ್ತದೆ, ಪೈಪು ಒಡೆದರೆ ನೀರು ಕಾಣುತ್ತದೆ. ಹೆಸರು ತಪ್ಪಿದರೆ ಯಾವ ಸೂಚನೆಯೂ ಬರುವುದಿಲ್ಲ. ಎಂಕ್ಯೂಟಿಟಿ 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬ ಇಬ್ಬರು ಎಂಜಿನಿಯರುಗಳು ದೂರದ ತೈಲ ಕೊಳವೆಗಳ ಮೇಲ್ವಿಚಾರಣೆಗಾಗಿ ರೂಪಿಸಿದ ಪದ್ಧತಿ. ಉಪಗ್ರಹ ಸಂಪರ್ಕ ದುಬಾರಿಯಾದ್ದರಿಂದ ಅದನ್ನು ಆದಷ್ಟು ಹಗುರವಾಗಿ ಮಾಡಲಾಯಿತು. ಆ ಹಗುರತನ ನಮ್ಮ ಹೊಲಗಳಿಗೂ ಅನುಕೂಲವೇ. ಆದರೆ ಅದರ ಫಲವಾಗಿ ಮಧ್ಯವರ್ತಿ ತಂತ್ರಾಂಶ ವಿಳಾಸ ಸರಿಯೇ ಎಂದು ಪರೀಕ್ಷಿಸುವುದಿಲ್ಲ. ಯಾರೂ ಕೇಳದ ವಿಳಾಸಕ್ಕೆ ‘ನೀರು ನಿಲ್ಲಿಸು’ ಎಂಬ ಆದೇಶ ಹೋದರೆ ಅದನ್ನು ಸ್ವೀಕರಿಸಿ ಸುಮ್ಮನಾಗುತ್ತದೆ. ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನೂ ಅದು ಬೇರೆ ಬೇರೆ ಎಂದೇ ಎಣಿಸುತ್ತದೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ವಾಲ್ವ್ ಬೆಳಗಿನವರೆಗೆ ತೆರೆದೇ ಇರಬಹುದು.

ಇನ್ನೊಂದು ತೊಂದರೆ ಹೊಸಬರನ್ನು ವಾರಗಟ್ಟಲೆ ಸತಾಯಿಸುತ್ತದೆ. ಒಂದು ಮಂಡಲಿಗೆ ಬರೆದ ವಿಧಿಯನ್ನು ನಕಲು ಮಾಡಿ ಎರಡನೆಯದಕ್ಕೆ ಹಾಕುವಾಗ ಒಳಗಿನ ಗುರುತನ್ನು ಬದಲಿಸಲು ಮರೆಯುವುದುಂಟು. ಒಂದೇ ಗುರುತಿನ ಎರಡು ಉಪಕರಣ ಬಂದರೆ, ಹೊಸದನ್ನು ಒಳಗೆ ಬಿಟ್ಟು ಹಳೆಯದನ್ನು ಹೊರಹಾಕಬೇಕೆಂಬುದು ಎಂಕ್ಯೂಟಿಟಿಯ ನಿಯಮ. ಹೊರಬಿದ್ದದ್ದು ತಕ್ಷಣ ಮರಳಿ ಬಂದು ಇನ್ನೊಂದನ್ನು ಹೊರಹಾಕುತ್ತದೆ. ನೋಡುವವರಿಗೆ ಎರಡೂ ಬಂದು ಬಂದು ಹೋಗುತ್ತಿರುವಂತೆ ಕಾಣುತ್ತದೆ. ವೈ-ಫೈ ದುರ್ಬಲವೆಂದು ಆಂಟೆನಾ ಎತ್ತರಿಸುತ್ತಾರೆ, ಬ್ಯಾಟರಿ ಬದಲಿಸುತ್ತಾರೆ. ಎರಡು ಉಪಕರಣ ಸರದಿಯಂತೆ ಕಾಣೆಯಾಗುತ್ತಿದ್ದರೆ ಮೊದಲು ಹೆಸರನ್ನು ನೋಡಿ.

ಸುಟ್ಟ ಮಂಡಲಿಯ ಜಾಗಕ್ಕೆ ಹೊಸದನ್ನು ಹಾಕಿದಾಗಲೂ ಎಚ್ಚರ ಬೇಕು. ಹಳೆಯದನ್ನು ತೆಗೆಯದೆ ಅದೇ ಹೆಸರಿನಲ್ಲಿ ಹೊಸದನ್ನು ಸೇರಿಸಿದರೆ ಹೋಮ್ ಅಸಿಸ್ಟೆಂಟ್ ಹೊಸದರ ಕೊನೆಗೆ ತಾನೇ 2 ಎಂದು ಸೇರಿಸುತ್ತದೆ. ನೀವು ಬರೆದ ಸ್ವಯಂಚಾಲಿತ ಆದೇಶ ಮಾತ್ರ ಹಳೆಯದನ್ನೇ, ಅಂದರೆ ಸತ್ತಿರುವುದನ್ನೇ ಕಾಯುತ್ತಿರುತ್ತದೆ.

ತೇವ ಸಂವೇದಕದ ಹೆಸರು ಅದಲುಬದಲಾದರೆ ಹಾನಿ ಇನ್ನೂ ನಿಧಾನವಾಗಿ ತಿಳಿಯುತ್ತದೆ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿ ಕೆಂಪು ಮಸಾರಿ ಇದೆ. ಸ್ವಲ್ಪ ಕೆಳಗೆ ಮಲಪ್ರಭೆಯ ಕಡೆಗೆ ಬಂದರೆ ಆಳವಾದ ಎರೆ. ಒಬ್ಬರದೇ ಜಮೀನಿನಲ್ಲಿ ಎರಡೂ ಇರಬಹುದು. ಪರಿಮಾಣದ ಲೆಕ್ಕದಲ್ಲಿ ಸುಮಾರು ಶೇ. 25 ತೇವವೆಂದರೆ ಆಳವಾದ ಎರೆಯಲ್ಲಿ ಗಿಡ ಬಾಡುವ ಹಂತಕ್ಕೆ ಹತ್ತಿರ, ಹಗುರವಾದ ಮಸಾರಿಯಲ್ಲಿ ನೀರು ಹೆಚ್ಚಾದ ಸ್ಥಿತಿ. ಜೇಡಿಯ ಕಣಗಳು ನೀರನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡದಿರುವುದೇ ಇದಕ್ಕೆ ಕಾರಣ. ಎರೆಯ ಸಂವೇದಕದ ಹೆಸರಿನಲ್ಲಿ ಮಸಾರಿಯ ಅಳತೆ ಬಂದರೆ ಗಣಕ ಹಸಿಯಾದ ಜಾಗಕ್ಕೆ ನೀರು ಕೊಟ್ಟು ಒಣಗಿದ್ದಕ್ಕೆ ನಿಲ್ಲಿಸುತ್ತದೆ. ರೇಖಾಚಿತ್ರ ನೋಡಲು ಸಹಜವಾಗಿಯೇ ಇರುತ್ತದೆ.

ಹೆಸರು ಹಲವು, ಗುರುತು ಒಂದು

ತಳಿಗಳ ವಿಷಯದಲ್ಲಿ ಕೃಷಿ ವಿಜ್ಞಾನ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದೆ. ನೀವು ಬೆಳೆಯುವ ಭಗವಾ ದಾಳಿಂಬೆಗೆ ಮಾರುಕಟ್ಟೆಯಲ್ಲಿ ಕೇಸರ, ಶೇಂದ್ರಿ, ಅಷ್ಟಗಂಧ ಎಂಬ ಹೆಸರುಗಳೂ ಇವೆ. ಹಿಂಗಾರಿ ಜೋಳದ ಎಂ 35-1 ಅನ್ನು ಎಲ್ಲರೂ ಕರೆಯುವುದು ಮಾಲದಂಡಿ ಎಂದೇ. ಜನ ಕರೆಯುವ ಹೆಸರನ್ನು ತಡೆಯಲು ಆಗದು, ತಡೆಯಬೇಕಾಗಿಯೂ ಇಲ್ಲ. ತಳಿ ಸಂಗ್ರಹಾಲಯಗಳು ಪ್ರತಿ ಮಾದರಿಗೆ ಒಂದು ಸಂಖ್ಯೆ ಕೊಡುತ್ತವೆ. ಆ ಸಂಖ್ಯೆ ಬೀಜದ ಬಣ್ಣವನ್ನಾಗಲಿ ತಂದವರ ಊರನ್ನಾಗಲಿ ಹೇಳುವುದಿಲ್ಲ. ಆ ಮಾದರಿಯನ್ನು ಮಾತ್ರ ಗುರುತಿಸುತ್ತದೆ. ಉಳಿದ ವಿವರಗಳೆಲ್ಲ ದಾಖಲೆ ಪುಸ್ತಕದಲ್ಲಿರುತ್ತವೆ.

ತೋಟದ ಉಪಕರಣಕ್ಕೂ ಇದೇ ವಿಧಾನ ಸೂಕ್ತ. ಒಂದು ಗುರುತನ್ನು ಒಮ್ಮೆ ನಿರ್ಧರಿಸಿ, ಎಲ್ಲ ತಂತ್ರಾಂಶಗಳಲ್ಲಿ ಅಕ್ಷರ ಬದಲಿಸದೆ ಅದನ್ನೇ ಬಳಸಬೇಕು. ಬಹುತೇಕ ಈ ಎಲ್ಲ ತಂತ್ರಾಂಶಗಳಲ್ಲಿ ಗುರುತು ಬೇರೆ, ಪರದೆಯ ಮೇಲೆ ತೋರುವ ಹೆಸರು ಬೇರೆ. ತೋರುವ ಹೆಸರನ್ನು ‘ಹಳ್ಳದ ಕಡಿ ವಾಲ್ವ್’ ಎಂದೇ ಕನ್ನಡದಲ್ಲಿ ಇಟ್ಟುಕೊಳ್ಳಿ, ಬೇಕಾದಾಗ ಬದಲಿಸಿಕೊಳ್ಳಿ. ಆದೇಶಗಳು, ಸಂದೇಶದ ವಿಳಾಸಗಳು, ಸಂಗ್ರಹಿಸಿದ ಅಳತೆಗಳು ಗುರುತನ್ನು ಆಧರಿಸಿರಲಿ.

ಗುರುತನ್ನೂ ಕನ್ನಡದಲ್ಲೇ ಇಡಬಾರದೇಕೆ ಎಂದು ಕೇಳಬಹುದು. ಜಾಲದ ವಿಳಾಸಗಳ ನಿಯಮ ಒಪ್ಪುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ನಮ್ಮ ಲಿಪಿಯ ಬೆರಳಚ್ಚಿಗೆ ಸಂಬಂಧಿಸಿದ್ದು: ‘ಬೋರ್‌ವೆಲ್’ ಎಂದು ಬರೆಯುವಾಗ ರಕಾರದ ಮುಂದೆ ಅರ್ಕಾವತ್ತು ಬಾರದಂತೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತೇವೆ. ಪದದ ಕೊನೆಯಲ್ಲಿ ಆ ಸಂಕೇತ ಉಳಿದುಬಿಟ್ಟರೆ ಕಣ್ಣಿಗೆ ಎರಡು ಹೆಸರೂ ಒಂದೇ, ಗಣಕಕ್ಕೆ ಬೇರೆ ಬೇರೆ. ಇಂಥ ತಪ್ಪನ್ನು ನೋಡಿ ಹುಡುಕಲು ಸಾಧ್ಯವೇ ಇಲ್ಲ.

ಹಾಗೆಂದು ರೋಮನ್ ಲಿಪಿ ನಿರ್ದೋಷಿಯಲ್ಲ. ಇಳಕಲ್ ಪಟ್ಟಣವನ್ನೇ ನೋಡಿ: ಕನ್ನಡದಲ್ಲಿಯೇ ಇಳಕಲ್, ಇಲಕಲ್, ಇಳಕಲ್ಲ ಎಂದು ಬರೆಯುವವರಿದ್ದಾರೆ, ರೋಮನ್‌ನಲ್ಲಿ ನಡುವೆ ಸ್ವರ ಸೇರಿಸುವವರು, ಸೇರಿಸದವರು ಇಬ್ಬರೂ ಇದ್ದಾರೆ. ಹುನಗುಂದಕ್ಕೂ ಇದೇ ಕಥೆ. ಬಾಗಲಕೋಟೆಯ ಕೊನೆಯ ಎಕಾರ ಕೆಲವು ಫಲಕಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ. ಯಾವುದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಒಂದು ಬರಹವನ್ನು ಆರಿಸಿ ನೋಂದಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟು ಅದನ್ನೇ ನಕಲು ಮಾಡಿದರೆ ಸಾಕು.

ಗುರುತಿನಲ್ಲಿ ಏನಿರಬಾರದು

ಇಡುವ ದಿನ ಸಹಜವೆನಿಸಿ ಐದಾರು ವರ್ಷಗಳಲ್ಲಿ ಸುಳ್ಳಾಗುವ ಹೆಸರುಗಳೇ ಹೆಚ್ಚು. ಬೆಳೆಯ ಹೆಸರು ಅಂಥದು. ‘ದ್ರಾಕ್ಷಿ ವಾಲ್ವ್’ ಇರುವ ತುಂಡಿನಲ್ಲಿ ನಾಳೆ ದಾಳಿಂಬೆ ಬರುತ್ತದೆ, ನಾಡಿದ್ದು ಮೆಣಸಿನಕಾಯಿ. ಮಾಲೀಕರ ಹೆಸರನ್ನೂ ಇಡಬಾರದು. ಅಣ್ಣತಮ್ಮಂದಿರ ಪಾಲು ಆದ ಮೇಲೆ ಅಣ್ಣನ ಹೆಸರಿನ ವಾಲ್ವ್ ತಮ್ಮನ ಹೊಲದಲ್ಲಿ ಉಳಿಯುತ್ತದೆ. ಪಹಣಿಯ ಸರ್ವೆ ನಂಬರು ಗಟ್ಟಿಯಾದುದೆಂದು ತೋರುತ್ತದೆ, ಆದರೆ ಪೋಡಿಯಾದಾಗ ಹಿಸ್ಸಾ ಬದಲಾಗುತ್ತದೆ. ಉಪಕರಣ ತಯಾರಿಸಿದ ಕಂಪನಿಯ ಹೆಸರು, ಕೊಂಡ ವರ್ಷ, ಮೊಬೈಲ್ ಸಂಖ್ಯೆ ಇವು ಯಾವುವೂ ಬೇಡ. ಮೊಬೈಲ್ ಸಂಖ್ಯೆ ಸುರಕ್ಷತೆಯ ದೃಷ್ಟಿಯಿಂದಲೂ ಸಲ್ಲದು.

ತಾಲೂಕು, ಜಿಲ್ಲೆಗಳನ್ನು ಸೇರಿಸುವುದು ಸರ್ಕಾರಿ ಕಡತದ ಅಭ್ಯಾಸ. ನಮ್ಮ ಜಿಲ್ಲೆಯವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. 1997ರವರೆಗೆ ಈ ಜಿಲ್ಲೆಯೇ ಇರಲಿಲ್ಲ, ಎಲ್ಲವೂ ವಿಜಾಪುರ ಜಿಲ್ಲೆಯಾಗಿತ್ತು. ಆ ವಿಜಾಪುರವೂ ಈಗ ವಿಜಯಪುರವಾಗಿದೆ. 2017-18ನೇ ಸಾಲಿನ ರಾಜ್ಯ ಮುಂಗಡಪತ್ರದಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಇಳಕಲ್ ಮತ್ತು ಗುಳೇದಗುಡ್ಡ ಇದ್ದವು. ಅದಕ್ಕೆ ಹಿಂದೆ ‘ಹುನಗುಂದ ತಾಲೂಕು’ ಎಂದು ಹೆಸರು ಹೊತ್ತ ಮಳೆಮಾಪಕ ಕದಲದೆ ಇದ್ದಲ್ಲೇ ಇದ್ದು ಇಳಕಲ್ ತಾಲೂಕಿಗೆ ಸೇರಿಹೋಗುತ್ತದೆ. ಆಲಮಟ್ಟಿ ಹಿನ್ನೀರಿನಿಂದಾಗಿ ಊರುಗಳೇ ಎದ್ದುಹೋದವು. ಹಳೆಯ ಬಾಗಲಕೋಟೆಯ ಪಕ್ಕದಲ್ಲಿ ನವನಗರ ಸೆಕ್ಟರ್ ಸಂಖ್ಯೆಗಳೊಂದಿಗೆ ಎದ್ದಿತು, ಮುಳುಗಿದ ಹಳ್ಳಿಗಳ ಹೆಸರುಗಳು ಪುನರ್ವಸತಿ ಕೇಂದ್ರಗಳಿಗೆ ಬಂದವು. ನೆಲ ಒಂದು ಕಡೆ, ಹೆಸರು ಒಂದು ಕಡೆ. ಆಡಳಿತದ ವಿವರಗಳನ್ನು ನೋಂದಣಿಯಲ್ಲಿ ಬರೆದುಕೊಳ್ಳಿ, ಅಲ್ಲಿ ತಿದ್ದುವುದು ಸುಲಭ.

ಹಾಗಾದರೆ ಬದಲಾಗದ್ದು ಯಾವುದು? ನಮ್ಮ ಹಿರಿಯರು ಹೊಲಗಳಿಗೆ ಇಟ್ಟ ಹೆಸರುಗಳು ಆಶ್ಚರ್ಯಕರವಾಗಿ ಬಾಳಿಕೆ ಬಂದಿವೆ. ಹುಣಸಿಮರ ಬಿದ್ದು ಇಪ್ಪತ್ತು ವರ್ಷವಾದರೂ ಅದು ಹುಣಸಿ ಹೊಲವೇ. ಮರದ ವಿವರಣೆಯಾಗಿ ಹುಟ್ಟಿದ ಮಾತು ಕಾಲಕ್ರಮದಲ್ಲಿ ಕೇವಲ ಗುರುತಾಗಿ ನಿಂತಿದೆ. ಮನೆಯವರೆಲ್ಲ, ಆಳುಗಳೆಲ್ಲ ಅದನ್ನು ಬಲ್ಲರು. ಗುರುತಿನ ಮೊದಲ ಭಾಗಕ್ಕೆ ಇದಕ್ಕಿಂತ ಉತ್ತಮವಾದದ್ದು ಸಿಗದು.

ಶಿಫಾರಸು ಮಾಡುವ ಕ್ರಮ

ಗುರುತಿನಲ್ಲಿ ನಾಲ್ಕು ಅಂಗಗಳಿರಲಿ: ಹೊಲದ ಹೆಸರು, ತುಂಡಿನ ಎರಡಂಕಿ ಸಂಖ್ಯೆ, ಉಪಕರಣದ ಬಗೆಗೆ ಎರಡಕ್ಷರ, ಆ ಬಗೆಯೊಳಗಿನ ಎರಡಂಕಿ ಸಂಖ್ಯೆ. ಹುಣಸಿ ಹೊಲದ ಮೂರನೇ ತುಂಡಿನ ಎರಡನೇ ವಾಲ್ವ್ ‘ಹುಣಸಿ03ವಾ02’ ಆಗುತ್ತದೆ. ಅಲ್ಲಿಯ ಮೊದಲ ತೇವ ಸಂವೇದಕ ‘ಹುಣಸಿ03ತೇ01’. ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದೆ. ಯಂತ್ರಕ್ಕೆ ಕೊಡುವಾಗ ಇದನ್ನೇ ರೋಮನ್ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು.

ನಡುವೆ ಹೈಫನ್ ಆಗಲಿ ಅಂಡರ್‌ಸ್ಕೋರ್ ಆಗಲಿ ಜಾಗವಾಗಲಿ ಇಲ್ಲದಿರುವುದನ್ನು ಗಮನಿಸಿ. ಅಕ್ಷರ, ಅಂಕಿ, ಅಕ್ಷರ, ಅಂಕಿ ಎಂದು ಬದಲಾಗುತ್ತ ಹೋಗುವುದರಿಂದ ಬಿಡಿಸುವ ಚಿಹ್ನೆ ಇಲ್ಲದೆಯೂ ಕಣ್ಣಿಗೆ ಅಂಗಗಳು ಬೇರೆಬೇರೆಯಾಗಿ ತೋರುತ್ತವೆ. ಬರೀ ಅಕ್ಷರ ಮತ್ತು ಅಂಕಿಗಳಿರುವ, ಅಕ್ಷರದಿಂದ ಆರಂಭವಾಗುವ ಗುರುತನ್ನು ಮೇಲೆ ಹೇಳಿದ ಯಾವ ತಂತ್ರಾಂಶವೂ ತಿದ್ದುವುದಿಲ್ಲ. ಹೈಫನ್ ಬಳಸಿದರೆ ಓದಲು ಚೆಂದವೆಂದು ವಾದಿಸುವವರಿದ್ದಾರೆ, ನಿಜ. ಆದರೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ರೂಪ ಬದಲಾಗದಿರುವುದೇ ಇಲ್ಲಿ ಮುಖ್ಯ.

ಸಂಖ್ಯೆಯನ್ನು 1, 2 ಎನ್ನದೆ 01, 02 ಎಂದೇ ಬರೆಯಬೇಕು. ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುವ ಪಟ್ಟಿಯಲ್ಲಿ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಮೊಬೈಲಿನ ಸಣ್ಣ ಪರದೆಯಲ್ಲಿ, ಕತ್ತಲಲ್ಲಿ, ಅವಸರದಲ್ಲಿ ಬೆರಳು ಒತ್ತುವವರಿಗೆ ಈ ಪಟ್ಟಿ ಸರಿಯಾಗಿರುವುದು ಸಣ್ಣ ವಿಷಯವಲ್ಲ.

ಬಗೆಯ ಎರಡಕ್ಷರಗಳನ್ನು ನೀವೇ ಆರಿಸಿಕೊಳ್ಳಬಹುದು. ವಾಲ್ವಿಗೆ ‘ವಾ’, ಪಂಪಿಗೆ ‘ಪಂ’, ತೇವಕ್ಕೆ ‘ತೇ’, ಹವಾಮಾನ ಮಾಪಕಕ್ಕೆ ‘ಹವಾ’ ಎಂಬುದರಿಂದ ‘ಹ’ ಮತ್ತು ‘ವ’ಗಳ ಮೊದಲಕ್ಷರ. ರೋಮನ್ ಲಿಪಿಯಲ್ಲಿ ಲ ಮತ್ತು ಳ, ನ ಮತ್ತು ಣ ಒಂದೇ ಆಗುವುದರಿಂದ ಆ ಭೇದವನ್ನೇ ನೆಚ್ಚಿಕೊಂಡ ಎರಡು ಗುರುತುಗಳನ್ನು ಇಡಬೇಡಿ. ಒಂದೇ ಸಂವೇದಕ ಎರಡು ಆಳಗಳ ತೇವವನ್ನು ಅಳೆಯುತ್ತಿದ್ದರೆ ಆಳವನ್ನು ಉಪಕರಣದ ಗುರುತಿಗೆ ಸೇರಿಸದೆ ಅಳತೆಯ ಹೆಸರಿಗೆ ಸೇರಿಸಿ: ಆಳ15, ಆಳ30 ಎಂದು, ಸೆಂಟಿಮೀಟರಿನಲ್ಲಿ. ಇಡೀ ಗುರುತು 20 ಅಕ್ಷರಗಳೊಳಗಿದ್ದರೆ ಒಳ್ಳೆಯದು.

ಹುನಗುಂದ ತಾಲೂಕಿನ ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯ ಎರಡನೇ ಹಂತದಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವು ಸುಮಾರು 24,000 ಹೆಕ್ಟೇರಿಗೆ ಸಾಮೂಹಿಕ ಹನಿ ನೀರಾವರಿಯನ್ನು ಕೈಗೊಂಡಿದೆ. ಅಂಥ ಯೋಜನೆಯ ವ್ಯಾಪ್ತಿಯಲ್ಲಿ ಹೊಲವಿರುವವರು ಯೋಜನೆಯವರು ಕೊಟ್ಟ ವಾಲ್ವ್ ಸಂಖ್ಯೆಯನ್ನೇ ತಮ್ಮ ಗುರುತಾಗಿ ಮಾಡಿಕೊಳ್ಳುವುದು ಬೇಡ. ಅದು ಅವರ ಕ್ರಮ, ಅವರು ಬದಲಿಸಬಹುದು. ನಿಮ್ಮ ನೋಂದಣಿಯಲ್ಲಿ ಅದಕ್ಕೊಂದು ಅಂಕಣವಿರಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯತಿ ಮಟ್ಟದ ಮಳೆ ಮಾಹಿತಿಯನ್ನು ಹೋಲಿಕೆಗೆ ಬಳಸುವವರೂ ಆ ಮಾಪಕದ ಹೆಸರನ್ನು ಅವರು ಬರೆದಂತೆಯೇ ನೋಂದಣಿಯಲ್ಲಿ ಬರೆದುಕೊಳ್ಳಲಿ.

ಸ್ಥಾನ ಮತ್ತು ಸಾಧನ

ಮೇಲಿನ ಗುರುತು ವಾಲ್ವಿನ ಸ್ಥಾನವನ್ನು ಹೇಳುತ್ತದೆ, ಪೆಟ್ಟಿಗೆಯೊಳಗಿನ ಮಂಡಲಿಯನ್ನಲ್ಲ. ಜೋಡಿಯಲ್ಲಿ ಎಡದ ಎತ್ತು, ಬಲದ ಎತ್ತು ಎನ್ನುತ್ತೇವೆ. ಎಡದ ಎತ್ತನ್ನು ಮಾರಿ ಬೇರೆ ತಂದರೂ ಎಡ ಎಡವೇ. ಎತ್ತಿಗೆ ಅದರದೇ ಹೆಸರು ಬೇರೆ ಇರುತ್ತದೆ. ಉಪಕರಣಗಳಲ್ಲೂ ಈ ಎರಡನ್ನು ಬೇರೆಯಾಗಿ ಇಡಬೇಕು. ಪ್ರತಿ ಮಂಡಲಿಗೆ ತಯಾರಕರು ಕೊಟ್ಟ ಕ್ರಮಸಂಖ್ಯೆ ಇದ್ದೇ ಇರುತ್ತದೆ. ಲೋರಾವಾನ್ ಉಪಕರಣವಾದರೆ ಅದು 16 ಅಂಕಿ-ಅಕ್ಷರಗಳ ಉದ್ದದ್ದು. ಅದನ್ನು ಯಾರೂ ನೆನಪಿಡಲಾರರು, ಇಡಬೇಕಾಗಿಯೂ ಇಲ್ಲ. ನೋಂದಣಿಯಲ್ಲಿ ಇದ್ದರೆ ಸಾಕು.

ಸಿಡಿಲಿಗೆ ಸುಟ್ಟ ಅಥವಾ ಇಲಿ ತಂತಿ ಕಡಿದ ಸಂವೇದಕವನ್ನು ಬದಲಿಸಿದಾಗ ಸ್ಥಾನದ ಗುರುತು ಹಾಗೆಯೇ ಮುಂದುವರಿಯುತ್ತದೆ, ಕ್ರಮಸಂಖ್ಯೆ ಮತ್ತು ದಿನಾಂಕ ಬದಲಾಗುತ್ತವೆ. ಇದರಿಂದ ಹಲವು ವರ್ಷಗಳ ಅಳತೆ ಒಂದೇ ಸರಣಿಯಾಗಿ ಉಳಿಯುತ್ತದೆ. ಇನ್‌ಫ್ಲಕ್ಸ್‌ಡಿಬಿಯಲ್ಲಿ ಗುರುತು ಬದಲಾದರೆ ಅದು ಹೊಸ ಸರಣಿಯೆಂದೇ ಲೆಕ್ಕ. ಕಳೆದ ವರ್ಷದ ಹಸ್ತ ಬಹಾರಕ್ಕೂ ಈ ವರ್ಷದ್ದಕ್ಕೂ ತಾಳೆ ನೋಡಲು ಹೋದರೆ ಅರ್ಧ ಚಿತ್ರ ಒಂದು ಕಡೆ, ಅರ್ಧ ಇನ್ನೊಂದು ಕಡೆ ಇರುತ್ತದೆ. ಹೊಸ ಸಂವೇದಕವನ್ನು ಆ ಮಣ್ಣಿಗೆ ಮತ್ತೆ ಹೊಂದಾಣಿಕೆ ಮಾಡಿದ ವಿವರವನ್ನೂ ಬರೆದಿಡಿ, ಇಲ್ಲವಾದರೆ ರೇಖೆ ಏಕಾಏಕಿ ಜಿಗಿದದ್ದು ಮಳೆಗೋ ಸಂವೇದಕಕ್ಕೋ ತಿಳಿಯದು.

ತದ್ವಿರುದ್ಧವಾಗಿ, ಒಂದು ಸ್ಥಾನವನ್ನೇ ಕೈಬಿಟ್ಟರೆ ಆ ಗುರುತನ್ನು ಬೇರೆ ಸ್ಥಾನಕ್ಕೆ ಕೊಡಬಾರದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಮನೆಗೆ ಒಪ್ಪುತ್ತದೆ, ವಾಲ್ವುಗಳಿಗೆ ಒಪ್ಪುವುದಿಲ್ಲ.

ಪಂಪುಮನೆಯ ಗಣಕದ ಬಗ್ಗೆ ಒಂದು ಮಾತು. ಲಿನಕ್ಸ್ ವ್ಯವಸ್ಥೆಯು ಯುಎಸ್‌ಬಿ ಕಿಂಡಿಗೆ ಜೋಡಿಸಿದ ಸಾಧನಗಳಿಗೆ ಕಂಡುಬಂದ ಅನುಕ್ರಮದಲ್ಲಿ 0, 1 ಎಂದು ಸಂಖ್ಯೆ ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಈ ಅನುಕ್ರಮ ಅದಲುಬದಲಾಗಬಹುದು. ನೀರಿನ ಮೀಟರು ಇರಬೇಕಾದಲ್ಲಿ ರೇಡಿಯೋ ಬರುತ್ತದೆ. ಅದೇ ಲಿನಕ್ಸ್ ಸಾಧನದ ಕ್ರಮಸಂಖ್ಯೆಯನ್ನು ಆಧರಿಸಿದ ಸ್ಥಿರ ವಿಳಾಸವನ್ನೂ ಬೇರೆ ಕಡತಕೋಶದಲ್ಲಿ ಒದಗಿಸುತ್ತದೆ. ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆಂಬುದನ್ನು ಎಣಿಸಿದರೆ ಆ ಸ್ಥಿರ ವಿಳಾಸವನ್ನೇ ಬಳಸುವುದು ಅನಿವಾರ್ಯ.

ಈಗಾಗಲೇ ಗೊಂದಲವಿದ್ದರೆ

ಬಹಾರದ ನಡುವೆ ಹೆಸರು ಬದಲಿಸುವ ಸಾಹಸ ಬೇಡ. ಕೊಯಿಲು ಮುಗಿದು ವಿಶ್ರಾಂತಿ ಆರಂಭವಾಗುವ ಮುನ್ನ, ನೀರು ಬಿಟ್ಟು ನೋಡಲು ಅವಕಾಶವಿರುವಾಗ ಮಾಡಿ. ಮೊದಲು ನೋಟ್‌ಬುಕ್ ಹಿಡಿದು ಹೊಲ ಸುತ್ತಿ ಪ್ರತಿ ವಾಲ್ವ್, ಪಂಪು, ಸಂವೇದಕವನ್ನು ಕಣ್ಣಾರೆ ಕಂಡು ಬರೆದುಕೊಳ್ಳಿ: ಹೊಸ ಗುರುತು, ಹಳೆಯ ಹೆಸರುಗಳೆಲ್ಲವೂ, ಕ್ರಮಸಂಖ್ಯೆ, ಮಣ್ಣು, ಅಳವಡಿಸಿದ ದಿನಾಂಕ, ಮನೆಯವರು ಕರೆಯುವ ಹೆಸರು. ಗಣಕದ ಮುಂದೆ ಕುಳಿತು ಮಾಡಿದ ಪಟ್ಟಿಯಲ್ಲಿ ಇಲ್ಲದ ಒಂದೆರಡು ಉಪಕರಣ ಹೊಲದಲ್ಲಿ ಸಿಕ್ಕೇ ಸಿಗುತ್ತವೆ.

ಆಮೇಲೆ ಒಂದು ದಿನಕ್ಕೆ ಒಂದು ತುಂಡಿನಂತೆ, ಮೊದಲು ಮಂಡಲಿಯಲ್ಲಿ, ನಂತರ ಹೋಮ್ ಅಸಿಸ್ಟೆಂಟ್‌ನಲ್ಲಿ, ಕೊನೆಗೆ ದಾಖಲೆಯ ತಂತ್ರಾಂಶದಲ್ಲಿ ಬದಲಿಸಿ. ನೀವು ಬರೆದಿಟ್ಟ ಸ್ವಯಂಚಾಲಿತ ಆದೇಶಗಳೊಳಗಿನ ಹಳೆಯ ಹೆಸರುಗಳು ತಾವಾಗಿ ಬದಲಾಗುತ್ತವೆಂದು ನಂಬಬೇಡಿ. ಒಂದೊಂದನ್ನೂ ತೆರೆದು ತಿದ್ದಬೇಕು. ಎಂಕ್ಯೂಟಿಟಿಯಲ್ಲಿ ‘ಉಳಿಸಿಕೊ’ ಎಂದು ಕಳಿಸಿದ ಸಂದೇಶಗಳು ಹಳೆಯ ವಿಳಾಸದಲ್ಲಿ ಹಾಗೆಯೇ ಕುಳಿತಿರುತ್ತವೆ. ಮುಂದೆ ಯಾವಾಗಲೋ ಆ ವಿಳಾಸವನ್ನು ಕೇಳುವ ಉಪಕರಣ ಬಂದರೆ ‘ತೆರೆ’ ಎಂಬ ಹಳೆಯ ಆದೇಶ ಅದಕ್ಕೆ ಕೂಡಲೇ ತಲುಪುತ್ತದೆ. ಅದೇ ವಿಳಾಸಕ್ಕೆ ಖಾಲಿ ಸಂದೇಶವನ್ನು ‘ಉಳಿಸಿಕೊ’ ಎಂದು ಕಳಿಸಿದರೆ ಹಳೆಯದು ಅಳಿಯುತ್ತದೆ.

ಪ್ರತಿ ವಾಲ್ವ್ ಬದಲಾದ ಮೇಲೆ ಒಬ್ಬರು ಮೊಬೈಲಿನಲ್ಲಿ ಒತ್ತಬೇಕು, ಇನ್ನೊಬ್ಬರು ಆ ತುಂಡಿನಲ್ಲಿ ನಿಂತು ಹನಿ ಬೀಳುವುದನ್ನು ನೋಡಿ ಹೇಳಬೇಕು. ಪರದೆಯಲ್ಲಿ ಹಸಿರು ದೀಪ ಬಂದದ್ದು ಸಾಲದು. ರಸಾವರಿ ತೊಟ್ಟಿಗೆ ಸಂಬಂಧಿಸಿದ ವಾಲ್ವುಗಳನ್ನು ಗೊಬ್ಬರ ಹಾಕದೆ ಬರಿ ನೀರಿನಲ್ಲಿ ಪರೀಕ್ಷಿಸಿ.

ಕೊನೆಯದಾಗಿ ಫಲಕ. ಬಿಸಿಲಿಗೆ ಮಾರ್ಕರ್ ಶಾಯಿ ಒಂದು ಬೇಸಿಗೆಯೂ ಬಾಳುವುದಿಲ್ಲ, ಅಂಟಿಸಿದ ಕಾಗದ ಮಳೆಗೆ ಹೋಗುತ್ತದೆ. ತೆಳುವಾದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಗುರುತನ್ನು ಕೊರೆದು, ಒಂದು ಬದಿಗೆ ರೋಮನ್‌ನಲ್ಲಿ, ಇನ್ನೊಂದು ಬದಿಗೆ ಮನೆಯವರು ಕರೆಯುವ ಹೆಸರನ್ನು ಕನ್ನಡದಲ್ಲಿ ಬರೆದು ತಂತಿಯಿಂದ ಕಟ್ಟಿ. ಪಟ್ಟಿಯನ್ನು ವಾಲ್ವಿಗೆ ಕಟ್ಟಬೇಡಿ, ಪಕ್ಕದಲ್ಲಿ ಹೂಳಿದ ಗೂಟಕ್ಕೆ ಕಟ್ಟಿ. ವಾಲ್ವ್ ಕೆಟ್ಟಾಗ ಬಿಚ್ಚಿ ರಿಪೇರಿಗೆ ಒಯ್ಯುತ್ತೀರಿ. ಗೂಟ ಅಲ್ಲೇ ಇರುತ್ತದೆ.